ಮನೆಯೇ ವಿದ್ಯಾಲಯವಾದ ಬಗೆ: ಸರ್ ಜಾನ್ ಸೋನನ ಸಂಗ್ರಹಾಲಯ

ಒಬ್ಬ ವ್ಯಕ್ತಿಯು ತನ್ನ ಜೀವಮಾನವೆಲ್ಲ ಕೂಡಿಸಿದ ಕಲಾವಸ್ತುಗಳು ಆತನ ಕಾಲಾನಂತರ ಏನಾಗುತ್ತವೆ? ಬಹುಮಟ್ಟಿಗೆ ಅವು ವಾರಸುದಾರರಲ್ಲಿ ಹಂಚಿಹೋಗುತ್ತವೆ. ಇಲ್ಲವೆ ಹರಾಜಾಗಿ ದೇಶದೇಶಗಳ ಪಾಲಾಗುತ್ತವೆ. ವಸ್ತುಗಳು ಎಲ್ಲಿಯೋ ಉಳಿದಿರಬಹುದು. ಆದರೆ ಅವುಗಳನ್ನು ಒಂದೆಡೆ ಕೂಡಿಸಿದ ಮನಸ್ಸಿನ ಗುರುತು ಅಳಿದುಹೋಗುತ್ತದೆ. ಆ ಗುರುತನ್ನೂ ಉಳಿಸಬೇಕೆಂಬ ಹಂಬಲದಿಂದ ಹುಟ್ಟಿದುದೇ ಗೃಹಸಂಗ್ರಹಾಲಯ. ಇಲ್ಲಿ ವಸ್ತುಗಳ ಜೊತೆಗೆ ಅವುಗಳು ಇದ್ದ ಮನೆಯನ್ನೂ, ಅವುಗಳ ಸ್ಥಾನವನ್ನೂ ಹಾಗೆಯೇ ಕಾಪಾಡಲಾಗುತ್ತದೆ. ಇದಕ್ಕೆ ಉತ್ತಮ ನಿದರ್ಶನವು ಲಂಡನ್ ನಗರದ ಲಿಂಕನ್ಸ್ ಇನ್ ಫೀಲ್ಡ್ಸ್ ಎಂಬ ಚೌಕದ ಬದಿಯಲ್ಲಿರುವ ಸರ್ ಜಾನ್ ಸೋನನ ಮನೆ.

ಸೋನನು 1753ರಲ್ಲಿ ಗಾರೆಕೆಲಸದವನೊಬ್ಬನ ಮಗನಾಗಿ ಜನಿಸಿದನು. ಬಡತನದಲ್ಲಿ ಬೆಳೆದರೂ ವಾಸ್ತುಶಿಲ್ಪದಲ್ಲಿ ಅಸಾಧಾರಣ ಆಸಕ್ತಿ ತೋರಿದನು. ರಾಯಲ್ ಅಕಾಡೆಮಿಯಲ್ಲಿ ವಿದ್ಯಾರ್ಥಿಯಾಗಿದ್ದು 1776ರಲ್ಲಿ ಚಿನ್ನದ ಪದಕವನ್ನು ಗಳಿಸಿದನು. ವಿದ್ಯಾರ್ಥಿವೇತನದ ನೆರವಿನಿಂದ 1778ರಲ್ಲಿ ಇಟಲಿಗೆ ತೆರಳಿ, ಪ್ರಾಚೀನ ರೋಮನರ ಕಟ್ಟಡಗಳನ್ನು ಕಣ್ಣಾರೆ ಕಂಡು ಅಳೆದು ಅಭ್ಯಾಸ ಮಾಡಿದನು. 1788ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ವಾಸ್ತುಶಿಲ್ಪಿಯಾಗಿ ನೇಮಕಗೊಂಡು 45 ವರ್ಷಗಳ ಕಾಲ ಆ ಹೊಣೆಯನ್ನು ನಿರ್ವಹಿಸಿದನು. 1806ರಲ್ಲಿ ತಾನು ಕಲಿತ ಅಕಾಡೆಮಿಯಲ್ಲಿಯೇ ವಾಸ್ತುಶಿಲ್ಪದ ಪ್ರಾಧ್ಯಾಪಕನಾದನು.

ಆತನ ಸಂಗ್ರಹದ ಅರ್ಥವನ್ನು ತಿಳಿಯಬೇಕಾದರೆ ಈ ಕೊನೆಯ ಸಂಗತಿಯನ್ನು ಮರೆಯಲಾಗದು. ಆ ಕಾಲದ ಬಡ ವಿದ್ಯಾರ್ಥಿಗಳೆಲ್ಲರಿಗೂ ಇಟಲಿಗೆ ಹೋಗುವ ಯೋಗವಿರಲಿಲ್ಲ. ಆದುದರಿಂದ ಸೋನನು ಕಂಬಗಳ ಬೋದಿಗೆಗಳು, ಶಿಲ್ಪಗಳು, ಅವುಗಳ ಸುಣ್ಣದಚ್ಚಿನ ಪ್ರತಿಗಳು, ಕಟ್ಟಡಗಳ ಮಾದರಿಗಳು, ನಕ್ಷೆಗಳು, ಗ್ರಂಥಗಳು ಇವೆಲ್ಲವನ್ನೂ ತನ್ನ ಮನೆಯಲ್ಲಿ ನೆರೆಸಿದನು. ತನ್ನ ಪ್ರತಿಯೊಂದು ಉಪನ್ಯಾಸದ ಹಿಂದಿನ ದಿನ ಮತ್ತು ಮರುದಿನ ವಿದ್ಯಾರ್ಥಿಗಳು ಮನೆಗೆ ಬಂದು ಇವುಗಳನ್ನು ನೋಡಬಹುದೆಂದು ಅವಕಾಶ ನೀಡಿದನು. ಕಿವಿಯಿಂದ ಕೇಳಿದುದನ್ನು ಕಣ್ಣಿನಿಂದ ಕಂಡಾಗಲೇ ವಿದ್ಯೆಯು ನೆಲೆಗೊಳ್ಳುತ್ತದೆಂಬುದನ್ನು ಆತನು ಅರಿತಿದ್ದನು.

ಮನೆಯ ರಚನೆಯೂ ಒಂದು ಪಾಠವೇ ಆಗಿದೆ. ಅಕ್ಕಪಕ್ಕದ ಮೂರು ನಿವೇಶನಗಳಲ್ಲಿ ಹಂತಹಂತವಾಗಿ ಕಟ್ಟಿದ ಈ ಮನೆಯಲ್ಲಿ ಬೆಳಕು ಬಹುಮಟ್ಟಿಗೆ ಮೇಲಿನಿಂದ ಇಳಿದುಬರುತ್ತದೆ. ಹಳದಿ ಗಾಜಿನ ಮೂಲಕ ಸೋಸಿ ಬಂದ ಬೆಳಕು ಕಲ್ಲಿನ ಶಿಲ್ಪಗಳಿಗೆ ಹೊಂಬಣ್ಣವನ್ನು ತರುತ್ತದೆ. ಉಪಾಹಾರದ ಕೋಣೆಯ ಉಬ್ಬುಗನ್ನಡಿಗಳು ಚಿಕ್ಕ ಜಾಗವನ್ನು ವಿಶಾಲವಾಗಿ ತೋರಿಸುತ್ತವೆ. 1824ರಲ್ಲಿ ಸಿದ್ಧವಾದ ಚಿತ್ರಕೋಣೆಯಂತೂ ವಿಸ್ಮಯಕರವಾದುದು. ಅದರ ಗೋಡೆಗಳು ಬಾಗಿಲಿನ ಕದಗಳಂತೆ ತೆರೆಯುತ್ತವೆ. ಒಂದು ಪದರದ ಹಿಂದೆ ಮತ್ತೊಂದು ಪದರದಲ್ಲಿ ಚಿತ್ರಗಳಿವೆ. ಹೀಗೆ ಸಣ್ಣ ಕೋಣೆಯೊಂದು ದೊಡ್ಡ ಶಾಲೆಯಲ್ಲಿ ಹಿಡಿಸುವಷ್ಟು ಚಿತ್ರಗಳನ್ನು ಧರಿಸಿದೆ. ದುಂದುಗಾರ ಯುವಕನೊಬ್ಬನ ಅಧಃಪತನವನ್ನು ಎಂಟು ಚಿತ್ರಗಳಲ್ಲಿ ನಿರೂಪಿಸುವ ಹೋಗಾರ್ತನ ಪ್ರಸಿದ್ಧ ಚಿತ್ರಮಾಲೆ ಇಲ್ಲಿದೆ. ನೆಲಮಾಳಿಗೆಯಲ್ಲಿ ಈಜಿಪ್ಟಿನ ದೊರೆ ಒಂದನೆಯ ಸೇತಿಯ ಶಿಲಾಶವಪೇಟಿಕೆಯಿದೆ. ಬ್ರಿಟಿಷ್ ಮ್ಯೂಸಿಯಂ ಅದನ್ನು ಕೊಳ್ಳಲು ಒಪ್ಪದಿರಲು, ಸೋನನು 1824ರಲ್ಲಿ 2,000 ಪೌಂಡುಗಳನ್ನು ತೆತ್ತು ಕೊಂಡನು.

ಇಷ್ಟೊಂದು ಸಂಪತ್ತಿಗೆ ಮುಂದೆ ಒಡೆಯರು ಯಾರು? ಈ ಪ್ರಶ್ನೆಯು ಸೋನನ ವೃದ್ಧಾಪ್ಯವನ್ನು ಕಾಡಿತು. ಇಬ್ಬರು ಗಂಡುಮಕ್ಕಳೂ ತನ್ನಂತೆ ವಾಸ್ತುಶಿಲ್ಪಿಗಳಾಗಲೆಂಬ ಆತನ ಆಸೆ ಕೈಗೂಡಲಿಲ್ಲ. ಹಿರಿಯ ಮಗನು 1823ರಲ್ಲಿ ಮೃತನಾದನು. ಕಿರಿಯ ಮಗ ಜಾರ್ಜನು 1815ರಲ್ಲಿ ಹೆಸರನ್ನು ಮರೆಸಿ ಪತ್ರಿಕೆಯೊಂದರಲ್ಲಿ ತಂದೆಯ ಕಟ್ಟಡಗಳನ್ನು ಹಳಿದು ಬರೆದನು. ಅದೇ ವರ್ಷ ತಾಯಿಯು ತೀರಿಕೊಂಡಳು. ಆ ಬರಹವೇ ಹೆಂಡತಿಯ ಪ್ರಾಣವನ್ನು ತೆಗೆಯಿತೆಂದು ನಂಬಿದ ಸೋನನು ಮಗನನ್ನು ಕ್ಷಮಿಸಲೇ ಇಲ್ಲ.

1833ರಲ್ಲಿ ಸೋನನ ಪ್ರಯತ್ನದಿಂದ ಬ್ರಿಟಿಷ್ ಸಂಸತ್ತು ಒಂದು ವಿಶೇಷ ಕಾಯಿದೆಯನ್ನು ಅಂಗೀಕರಿಸಿತು. ಸೋನನ ಮರಣಾನಂತರ ಮನೆ ಹಾಗೂ ಸಂಗ್ರಹವು ಧರ್ಮದರ್ಶಿಗಳ ವಶಕ್ಕೆ ಬರಬೇಕು. ಸಾಧ್ಯವಾದಮಟ್ಟಿಗೆ ಆತನು ಬಿಟ್ಟುಹೋದ ಸ್ಥಿತಿಯಲ್ಲಿಯೇ ಅದನ್ನು ಇಡಬೇಕು. ಕಲಾಭ್ಯಾಸಿಗಳಿಗೂ ಸಾರ್ವಜನಿಕರಿಗೂ ಪ್ರವೇಶವಿರಬೇಕು ಎಂಬುದು ಅದರ ಸಾರ. ಜಾರ್ಜನು ಈ ಮಸೂದೆಯನ್ನು ವಿರೋಧಿಸಿದನಾದರೂ ಫಲವಾಗಲಿಲ್ಲ. ಈ ದಾನದಲ್ಲಿ ಲೋಕಹಿತದ ಭಾವನೆ ಎಷ್ಟು, ಮಗನ ಮೇಲಿನ ಮುನಿಸು ಎಷ್ಟು ಎಂದು ತೂಗುವುದು ಸುಲಭವಲ್ಲ. ಒಂದು ಮನೆತನದ ನೋವು ಮತ್ತು ಒಂದು ನಾಡಿನ ಲಾಭ ಇವೆರಡೂ ಒಂದೇ ಕಾಯಿದೆಯಲ್ಲಿ ಹೆಣೆದುಕೊಂಡಿವೆಯೆಂದು ಒಪ್ಪುವುದೇ ಪ್ರಾಮಾಣಿಕತೆ.

1837ರ ಜನವರಿ 20ರಂದು ಸೋನನು ನಿಧನನಾದನು. ಕಾಯಿದೆಯು ಜಾರಿಗೆ ಬಂದಿತು. ಆದರೆ ಕಾಯಿದೆಯೊಂದರಿಂದಲೇ ಎಲ್ಲವೂ ಉಳಿಯಲಿಲ್ಲ. ಎರಡನೆಯ ಮಹಡಿಯಲ್ಲಿದ್ದ ಆತನ ಖಾಸಗಿ ಕೋಣೆಗಳು ಕಾಲಕ್ರಮದಲ್ಲಿ ಬೇರೆ ಉಪಯೋಗಕ್ಕೆ ಹೋಗಿ ಮೂಲರೂಪವನ್ನು ಕಳೆದುಕೊಂಡವು. ಸೋನನು ಬಿಟ್ಟುಹೋದ ಇಡುಗಂಟಿನ ಬಡ್ಡಿಯೂ ಸಾಲದಾಯಿತು. 1947ರಿಂದ ಸರ್ಕಾರದ ಸಹಾಯಧನ ಬರತೊಡಗಿತು. 1969ರಲ್ಲಿ ಆಡಳಿತದ ನಿಯಮಗಳನ್ನು ಕಾಲಕ್ಕೆ ತಕ್ಕಂತೆ ಸಡಿಲಿಸಲಾಯಿತಾದರೂ ಮೂಲ ಉದ್ದೇಶಕ್ಕೆ ಚ್ಯುತಿ ಬರಗೊಡಲಿಲ್ಲ. 2011ರಿಂದ 2016ರವರೆಗೆ ನಡೆದ ಜೀರ್ಣೋದ್ಧಾರದಲ್ಲಿ, ಸೋನನ ಕಾಲದ ಜಲವರ್ಣಚಿತ್ರಗಳನ್ನೂ ವಸ್ತುಗಳ ಪಟ್ಟಿಗಳನ್ನೂ ಆಧರಿಸಿ ಆ ಖಾಸಗಿ ಕೋಣೆಗಳನ್ನು ಮತ್ತೆ ಮೊದಲಿನಂತೆ ಸಜ್ಜುಗೊಳಿಸಲಾಯಿತು. ಏನು ಎಲ್ಲಿತ್ತೆಂದು ಅಂದು ಬರೆದಿಡದೆ ಹೋಗಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ವಸ್ತುವನ್ನು ಕಾಯುವುದರಷ್ಟೇ ಅದರ ದಾಖಲೆಯನ್ನು ಕಾಯುವುದೂ ಮುಖ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇಲ್ಲಿ ಇನ್ನೊಂದು ಸಂಗತಿಯು ವಿಚಾರಾರ್ಹವಾಗಿದೆ. ಸೋನನ ಮಹಾಕೃತಿಯೆನಿಸಿದ್ದ ಬ್ಯಾಂಕ್ ಆಫ್ ಇಂಗ್ಲೆಂಡಿನ ಕಟ್ಟಡವನ್ನು 1920ರ ದಶಕದಿಂದ ಕೆಡವಿ ಹೊಸದಾಗಿ ಕಟ್ಟಲಾಯಿತು. ಹೊರಗೋಡೆ ಮಾತ್ರ ಹೆಚ್ಚುಕಡಮೆ ಉಳಿಯಿತು. ನಲವತ್ತೈದು ವರ್ಷ ದುಡಿದು ಕಟ್ಟಿದ ವಿಶಾಲ ಸಭಾಂಗಣಗಳು ಹೀಗೆ ಕಣ್ಮರೆಯಾದವು. ಅವು ಹೇಗಿದ್ದವೆಂದು ಇಂದು ತಿಳಿಯಬಯಸುವವರು ಆತನ ಮನೆಯಲ್ಲಿರುವ ನಕ್ಷೆಗಳನ್ನೂ ಮಾದರಿಗಳನ್ನೂ ಆಶ್ರಯಿಸಬೇಕಾಗಿದೆ. ಶ್ರೀಮಂತ ಸಂಸ್ಥೆಯ ಕಲ್ಲಿನ ಕಟ್ಟಡವು ಅಳಿಯಿತು. ಧರ್ಮದರ್ಶಿಗಳ ಕಾವಲಿನಲ್ಲಿದ್ದ ಕಾಗದದ ಹಾಳೆಯು ಉಳಿಯಿತು.

ಬೆಲೆಬಾಳುವ ವಸ್ತುವನ್ನು ಕೊಳ್ಳಲು ಹಣವಿದ್ದರೆ ಸಾಕು. ಅದನ್ನು ತಲೆತಲಾಂತರಕ್ಕೆ ಎಲ್ಲರ ಸ್ವತ್ತಾಗಿ ಉಳಿಸಲು ಸ್ಪಷ್ಟವಾದ ನಿಯಮ, ನಿಷ್ಠೆಯುಳ್ಳ ಧರ್ಮದರ್ಶಿಗಳು, ಸಾಕಷ್ಟು ಇಡುಗಂಟು, ಜಾಗರೂಕವಾದ ದಾಖಲೆ ಇವು ನಾಲ್ಕೂ ಬೇಕು. ಇಂದಿಗೂ ಆ ಮನೆಯನ್ನು ನೋಡಲು ಶುಲ್ಕವಿಲ್ಲ. ಗಾರೆಕೆಲಸದವನ ಮಗನು ವಿದ್ಯಾರ್ಥಿಗಳಿಗಾಗಿ ತೆರೆದಿಟ್ಟ ಬಾಗಿಲು ಎರಡು ಶತಮಾನಗಳ ತರುವಾಯವೂ ತೆರೆದೇ ಇದೆ.