ಬೋನ್ ಸ್ಕ್ಯಾನ್: ವಿಕಿರಣದ ಇಂಜೆಕ್ಷನ್‌ಗೆ ಹೆದರಬೇಕೆ?

ಕ್ಯಾನ್ಸರ್ ಮೂಳೆಗೆ ಹರಡಿದೆಯೇ ಎಂದು ನೋಡಲು ವೈದ್ಯರು ಬೋನ್ ಸ್ಕ್ಯಾನ್ ಬರೆದುಕೊಡುತ್ತಾರೆ. ಅದಕ್ಕೆ ವಿಕಿರಣ ಸೂಸುವ ಇಂಜೆಕ್ಷನ್ ಕೊಡುತ್ತಾರೆಂದು ತಿಳಿದೊಡನೆ ಮನೆಮಂದಿ ಗಾಬರಿಯಾಗುವುದುಂಟು. ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನಲ್ಲಿ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಇಂತಹ ಪರೀಕ್ಷೆಗಳಿಗೆಂದೇ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗವಿದೆ. ತುಮಕೂರು, ಗುಬ್ಬಿ, ಕುಣಿಗಲ್‌ನಿಂದ ಹೋಗುವವರು ಇದನ್ನು ಮೊದಲೇ ತಿಳಿದಿರುವುದು ಒಳಿತು.

ಇದು ಹೇಗೆ ಕೆಲಸ ಮಾಡುತ್ತದೆ?

ಎಕ್ಸ್‌ರೇಯಲ್ಲಿ ಕಿರಣಗಳು ಹೊರಗಿನಿಂದ ದೇಹವನ್ನು ಹಾದುಹೋಗುತ್ತವೆ. ಇಲ್ಲಿ ಕಿರಣ ಹೊರಡುವುದು ದೇಹದ ಒಳಗಿನಿಂದ. ಟೆಕ್ನೀಷಿಯಂ-99ಎಂ ಎಂಬ ಐಸೋಟೋಪನ್ನು ಮೂಳೆ ಹೀರಿಕೊಳ್ಳುವ ಔಷಧಿಗೆ ಜೋಡಿಸಿ ರಕ್ತನಾಳಕ್ಕೆ ಕೊಡುತ್ತಾರೆ. ಮೂಳೆ ಹೆಚ್ಚು ಚಟುವಟಿಕೆಯಿಂದಿರುವ ಜಾಗದಲ್ಲಿ ಅದು ಹೆಚ್ಚು ಸೇರುತ್ತದೆ. ಸುಮಾರು 3 ಗಂಟೆಗಳ ನಂತರ ಗಾಮಾ ಕ್ಯಾಮೆರಾ ಅದರ ಚಿತ್ರ ತೆಗೆಯುತ್ತದೆ. ಹಳೆಯ ಪೆಟ್ಟು, ಸಂಧಿವಾತವೂ ಹೀಗೆ ಕಾಣಬಹುದು. ಆದ್ದರಿಂದ ಕಪ್ಪು ಚುಕ್ಕೆಯೆಲ್ಲ ಕ್ಯಾನ್ಸರ್ ಅಲ್ಲ.

ದೇಹದಲ್ಲೇ ಉಳಿಯುತ್ತದೆಯೇ?

ಇಲ್ಲ. ಟೆಕ್ನೀಷಿಯಂ 6 ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. 12 ಗಂಟೆಗೆ ಕಾಲು ಭಾಗ, 24 ಗಂಟೆಗೆ ಹದಿನಾರರಲ್ಲಿ ಒಂದು ಭಾಗ ಮಾತ್ರ ಉಳಿಯುತ್ತದೆ. ಜೊತೆಗೆ ಮೂತ್ರದಲ್ಲೂ ಹೊರಹೋಗುತ್ತದೆ. ಹೀಗೆ ಬೇಗ ಕರಗುವುದರಿಂದಲೇ ಔಷಧಿಯನ್ನು ಅಂದಂದಿಗೇ ಸಿದ್ಧಪಡಿಸುತ್ತಾರೆ. ಬಸ್ಸು, ರೈಲು ತಪ್ಪಿ ತಡವಾಗುವುದಾದರೆ ಫೋನ್ ಮಾಡಿ ತಿಳಿಸಿ.

ಗಮನದಲ್ಲಿರಲಿ

* ವೈದ್ಯರು ಬೇಡವೆನ್ನದಿದ್ದರೆ ಇಂಜೆಕ್ಷನ್ ನಂತರ ಚೆನ್ನಾಗಿ ನೀರು ಕುಡಿಯಿರಿ, ಆಗಾಗ ಮೂತ್ರ ವಿಸರ್ಜಿಸಿ.
* ಆ ದಿನ ಗಂಡಸರೂ ಕುಳಿತೇ ಮೂತ್ರ ವಿಸರ್ಜಿಸಲಿ. ಶೌಚಾಲಯಕ್ಕೆ ಧಾರಾಳ ನೀರು ಹಾಕಿ. ಇಸ್ತಿಂಜಾದ ನಂತರ ಸೋಪು ಹಚ್ಚಿ ಕೈ ತೊಳೆಯಿರಿ.
* ಅಂದು ಚಿಕ್ಕ ಮಕ್ಕಳನ್ನು ಹೆಚ್ಚು ಹೊತ್ತು ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ.
* ರಮಝಾನ್‌ನಲ್ಲಿ ಪರೀಕ್ಷೆ ಬಂದರೆ ಮುಂದೂಡಬಹುದೇ ಎಂದು ವೈದ್ಯರನ್ನೇ ಕೇಳಿ. ರೋಗಿಯು ಉಪವಾಸವನ್ನು ಬೇರೆ ದಿನಗಳಲ್ಲಿ ಪೂರೈಸಲು ಪವಿತ್ರ ಕುರ್‌ಆನ್ ಅನುಮತಿ ನೀಡಿದೆ.

ತಾಯಂದಿರೇ, ಸಂಕೋಚ ಬೇಡ

ಮುಟ್ಟು ತಪ್ಪಿದ್ದರೆ, ಗರ್ಭಿಣಿಯಾಗಿದ್ದರೆ, ಎದೆಹಾಲು ಕುಡಿಸುತ್ತಿದ್ದರೆ ಇಂಜೆಕ್ಷನ್‌ಗೆ ಮೊದಲೇ ಹೇಳಿ. ಎಲ್ಲರೆದುರು ಹೇಳಲು ನಾಚಿಕೆಯಾದರೆ ನರ್ಸ್ ಅವರನ್ನು ಪಕ್ಕಕ್ಕೆ ಕರೆದು ತಿಳಿಸಿ. ಥೈರಾಯ್ಡ್ ರೋಗಕ್ಕೆ ಕೊಡುವ ಅಯೋಡಿನ್-131 ಅರ್ಧಕ್ಕೆ ಇಳಿಯಲು 8 ದಿನ ಬೇಕು. ಅದು ಎದೆಹಾಲಿಗೂ ಸೇರುತ್ತದೆ. ಆದ್ದರಿಂದ ಅದನ್ನು ಪಡೆಯುವ ಮೊದಲೇ ಆ ಮಗುವಿಗೆ ಹಾಲೂಡಿಸುವುದನ್ನು ಪೂರ್ತಿ ನಿಲ್ಲಿಸಬೇಕು.

ಹೆದರಿ ಪರೀಕ್ಷೆ ತಪ್ಪಿಸಿದರೆ ರೋಗ ಬೆಳೆಯುತ್ತದೆ. ನಾಚಿ ವಿಷಯ ಮುಚ್ಚಿಟ್ಟರೆ ಮಗುವಿಗೆ ಅಪಾಯ. ಕೇಳಿ ತಿಳಿದು ಮುಂದುವರಿಯಿರಿ.