ಗಂಧದೆಣ್ಣೆ ಯೂರೋಪಿನ ಔಷಧಿ ಅಂಗಡಿಗೆ ಹೋಗಿ ಬಂದ ಕಥೆ



ಹಗರೆ ಸುತ್ತಿನ ನಮ್ಮ ಸದಸ್ಯರಲ್ಲಿ ಕೆಲವರು ಬೇಲಿಸಾಲಿನಲ್ಲಿ ಗಂಧದ ಸಸಿ ನೆಟ್ಟಿದ್ದಾರೆ. ಒಬ್ಬರಂತೂ ಒಂದು ಎಕರೆ ಕಾಫಿ ಕಿತ್ತು ಗಂಧ ಹಾಕಲು ಹೊರಟಿದ್ದಾರೆ. ಗಂಧದೆಣ್ಣೆ ಹತ್ತಾರು ರೋಗಕ್ಕೆ ಮದ್ದಂತೆ, ವಿದೇಶದಲ್ಲಿ ಕೇಳಿದ ಬೆಲೆಯಂತೆ ಎಂಬ ಮಾತು ಸಂತೆಯಲ್ಲೂ ಕೇಳಿಬರುತ್ತಿದೆ. ಇದರಲ್ಲಿ ನಿಜವೆಷ್ಟು ಎಂದು ತಿಳಿಯಲು ಈ ಎಣ್ಣೆಯ ಪೂರ್ವಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಸುಗಂಧದ ಎಣ್ಣೆ ಕೊಬ್ಬರಿ ಎಣ್ಣೆಯಂತೆ ಗಾಣದಲ್ಲಿ ಹಿಂಡಿ ತೆಗೆಯುವಂಥದಲ್ಲ. ಗಂಧದ ಪುಡಿಯ ಮೂಲಕ ಹಬೆ ಹಾಯಿಸಿದರೆ ಎಣ್ಣೆಯು ಹಬೆಯೊಡನೆ ಹೊರಡುತ್ತದೆ. ಹಬೆಯನ್ನು ತಣ್ಣೀರಿನಲ್ಲಿ ಮುಳುಗಿಸಿದ ಕೊಳವೆಯಲ್ಲಿ ತಣಿಸಿದಾಗ ನೀರಿನ ಮೇಲೆ ಎಣ್ಣೆ ತೇಲುತ್ತದೆ. ಯೂರೋಪಿನಲ್ಲಿ ಭಟ್ಟಿ ಇಳಿಸುವ ಈ ವಿದ್ಯೆಯ ಬಗ್ಗೆ ಸ್ಟ್ರಾಸ್‌ಬರ್ಗ್‌ನ ಹೀರೋನಿಮಸ್ ಬ್ರುನ್‌ಶ್ವಿಗ್ 1500ರಲ್ಲಿಯೇ ಪುಸ್ತಕ ಅಚ್ಚು ಹಾಕಿಸಿದ್ದನು. ಅನಂತರ ಲವಂಗ, ದಾಲ್ಚಿನ್ನಿ, ಏಲಕ್ಕಿ ಎಣ್ಣೆಗಳು ಅಲ್ಲಿನ ಔಷಧಿ ಅಂಗಡಿಗಳ ಕಪಾಟು ಸೇರಿದವು. ಕಚ್ಚಾ ಮಾಲು ನಮ್ಮ ಕಡೆಯದು, ಹಂಡೆ ಅವರದು!

ಗಂಧದ ಕಥೆಯೂ ಹೀಗೆಯೇ. 19ನೆಯ ಶತಮಾನದ ಕೊನೆಯ ಹೊತ್ತಿಗೆ ಯೂರೋಪಿನ ವೈದ್ಯರು ಗೊನೋರಿಯಾ ಎಂಬ ಗುಹ್ಯರೋಗಕ್ಕೂ ಮೂತ್ರಕೋಶದ ಉರಿಗೂ ಗಂಧದೆಣ್ಣೆ ತುಂಬಿದ ಗುಳಿಗೆ ಕೊಡುತ್ತಿದ್ದರು. ಉರಿ ಶಮನವಾಗುತ್ತಿತ್ತು, ರೋಗದ ಬೇರು ಸಾಯುತ್ತಿರಲಿಲ್ಲ. ಬೇರೆ ಒಳ್ಳೆಯ ಮದ್ದಿಲ್ಲದ ಕಾಲವಾದ್ದರಿಂದ ಬೇಡಿಕೆ ಮಾತ್ರ ಬಹಳ. ಮೈಸೂರು ಸಂಸ್ಥಾನವು ಮರವನ್ನು ಮರವಾಗಿಯೇ ಹರಾಜು ಹಾಕುತ್ತಿತ್ತು. ಅದನ್ನು ಹೆಚ್ಚಾಗಿ ಕೊಳ್ಳುತ್ತಿದ್ದವರು ಜರ್ಮನಿಯ ಕಡೆಯವರು.

1914ರಲ್ಲಿ ಮಹಾಯುದ್ಧ ಆರಂಭವಾಯಿತು. ಜರ್ಮನಿಯ ಬಾಗಿಲು ಮುಚ್ಚಿತು, ಮರ ಕೋಠಿಗಳಲ್ಲಿಯೇ ಉಳಿಯಿತು. (ಹಾಸನದಲ್ಲಿ ಗಂಧದ ಕೋಠಿ ಎಂಬ ಹೆಸರು ಇಂದಿಗೂ ಇದೆಯಲ್ಲವೇ?) ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯನವರು. ಕೈಗಾರಿಕಾ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್ ಅವರ ಮುತುವರ್ಜಿಯಿಂದ, ಟಾಟಾ ಇನ್‌ಸ್ಟಿಟ್ಯೂಟಿನ ರಸಾಯನ ಶಾಸ್ತ್ರಜ್ಞರಾದ ಸಡ್‌ಬರೋ ಮತ್ತು ವಾಟ್ಸನ್ ಇಲ್ಲಿಯೇ ಎಣ್ಣೆ ಇಳಿಸಿ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿಯೂ 1917ರಲ್ಲಿ ಮೈಸೂರಿನಲ್ಲಿಯೂ ಕಾರ್ಖಾನೆ ನಡೆದವು. ಕೊಳ್ಳುವವನು ಕೈಬಿಟ್ಟದ್ದೇ ಸಂಸ್ಥಾನಕ್ಕೆ ಲಾಭವಾಯಿತೆಂದು ನಮ್ಮ ಎಣಿಕೆ. 1944ರಲ್ಲಿ ಶಿವಮೊಗ್ಗದಲ್ಲಿಯೂ ಕಾರ್ಖಾನೆ ಆಯಿತು.

ಅಷ್ಟರಲ್ಲಿ ವೈದ್ಯವೇ ಬದಲಾಯಿಸಿತ್ತು. 1930ರ ದಶಕದಲ್ಲಿ ಸಲ್ಫಾ ಮಾತ್ರೆ, 1940ರ ದಶಕದಲ್ಲಿ ಪೆನಿಸಿಲಿನ್ ಬಂದವು. ಗಂಧದ ಗುಳಿಗೆಯನ್ನು ಕೇಳುವವರಿಲ್ಲದಾಯಿತು. ಕಾರ್ಖಾನೆ ಉಳಿದದ್ದು ಸಾಬೂನು ಮತ್ತು ಅತ್ತರಿನ ದೆಸೆಯಿಂದ, ಔಷಧಿಯಿಂದಲ್ಲ.

ವಿಚಿತ್ರವೆಂದರೆ, ಇದೇ ಕಾಲದಲ್ಲಿ, 1937ರಲ್ಲಿ, ಫ್ರಾನ್ಸಿನ ರೆನೆ ಮಾರಿಸ್ ಗಾಟ್‌ಫೊಸೆ ಎಂಬ ರಸಾಯನಜ್ಞ ಸುಗಂಧ ಚಿಕಿತ್ಸೆಗೆ ‘ಅರೋಮಾಥೆರಪಿ’ ಎಂದು ಹೆಸರಿಟ್ಟು ಪುಸ್ತಕ ಬರೆದನು. 1910ರಲ್ಲಿ ಪ್ರಯೋಗಶಾಲೆಯಲ್ಲಿ ಸುಟ್ಟ ಗಾಯಕ್ಕೆ ಲ್ಯಾವೆಂಡರ್ ಎಣ್ಣೆ ಬಳಸಿ ಗುಣ ಕಂಡವನು ಅವನು. ಇಂದು ಅಂಗಡಿಗಳಲ್ಲಿ ಕಾಣುವ ಸಣ್ಣ ಸೀಸೆಗಳಿಗೆ ಆ ಹೆಸರೇ ಮೂಲ. ಸುವಾಸನೆಯಿಂದ ಮನಸ್ಸಿಗೆ ಹಿತವಾಗುವುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಒಳರೋಗಕ್ಕೆಂದು ಎಣ್ಣೆ ಕುಡಿಯುವುದು, ಮಕ್ಕಳಿಗೆ ಕುಡಿಸುವುದು, ಬೆರಕೆಯಿಲ್ಲದೆ ಚರ್ಮಕ್ಕೆ ಹಚ್ಚುವುದು ಅಪಾಯ. ಜ್ವರ, ಗಾಯ, ಮೂತ್ರದ ಉರಿಗೆ ಡಾಕ್ಟರ ಬಳಿಗೇ ಹೋಗಬೇಕು.

ಹಾಗಾದರೆ ಕಾಫಿ ಕಿತ್ತು ಗಂಧ ಹಾಕಬಹುದೇ? ಬೇಡವೆಂದೇ ನಮ್ಮ ಸಲಹೆ. ಎಣ್ಣೆ ಇರುವುದು ಚೇಗಿನಲ್ಲಿ ಮತ್ತು ಬೇರಿನಲ್ಲಿ. ಹೊರಗಿನ ಬಿಳಿ ಮರದಿಂದ ಎಣ್ಣೆಯ ಲಾಭವಿಲ್ಲ. ಒಳ್ಳೆಯ ಚೇಗಿನಲ್ಲಿಯೂ ನೂರಕ್ಕೆ ಸುಮಾರು ನಾಲ್ಕರಿಂದ ಆರು ಭಾಗ ಎಣ್ಣೆ. ಚೇಗು ಬಲಿಯಲು ಹದಿನೈದು ವರ್ಷ ಸಾಲದೆಂದೇ ಎಣಿಸಬೇಕು. ಅಷ್ಟು ಕಾಲ ಕಾಫಿಯ ಆದಾಯ ಬಿಟ್ಟು ಕೂರುವ ಶಕ್ತಿ ಸಣ್ಣ ಹಿಡುವಳಿದಾರನಿಗೆ ಎಲ್ಲಿದೆ? ಮೇಲಾಗಿ ಗಂಧ ಅರೆ ಪರಾವಲಂಬಿ. ಪಕ್ಕದ ಗಿಡದ ಬೇರಿಗೆ ತನ್ನ ಬೇರು ಕಚ್ಚಿ ನೀರು, ಸಾರ ಹೀರುತ್ತದೆ. ಆದ್ದರಿಂದ ಕಾಫಿಯ ಸಾಲಿನ ನಡುವೆ ಬೇಡ. ಬೇಲಿಯಂಚಿನಲ್ಲಿ, ಎಳೆಯದರಲ್ಲಿ ತೊಗರಿಯ ಆಸರೆ ಕೊಟ್ಟು, ಕೆಲವೇ ಗಿಡ ಬೆಳೆಸಿದರೆ ಸಾಕು.

2001ರ ಕಾಯ್ದೆ ತಿದ್ದುಪಡಿಯಿಂದ ನಮ್ಮ ಜಮೀನಿನ ಗಂಧದ ಮರದ ಒಡೆತನ ನಮಗೇ ಬಂದಿದೆ. ಆದರೂ ಕಟಾವಿಗೆ, ಸಾಗಣೆಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕಳ್ಳರ ಕಾಟವನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಟಾವಿನ ಕಾಲಕ್ಕೆ ಬುಡಕ್ಕೆ ಗರಗಸ ಹಾಕಬೇಡಿ. ಬೇರಿನಲ್ಲಿ ಎಣ್ಣೆಯ ಅಂಶ ಹೆಚ್ಚು. ಗುಂಡಿ ತೋಡಿ ಬೇರುಸಹಿತ ಕೀಳಿಸಿ.