ಅಳತೆಯ ವಿದ್ಯೆ: ನಮ್ಮ ಮಕ್ಕಳಿಗೊಂದು ಜೀವನಮಾರ್ಗ

ನಮ್ಮ ಶಾಲೆಯು ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಶುಭಸಂದರ್ಭದಲ್ಲಿ, ಹಳೆಯ ವಿದ್ಯಾರ್ಥಿಯಾದ ನಾನು ನನ್ನ ವೃತ್ತಿಯನ್ನು ಕಿರಿಯರಿಗೂ ಅವರ ತಂದೆತಾಯಿಗಳಿಗೂ ಪರಿಚಯಿಸಬಯಸುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಕಾರ್ಖಾನೆಯಲ್ಲಿ ಎಂತಹ ಕೆಲಸ ದೊರೆತೀತು ಎಂಬ ಆತಂಕ ಹೊಸೂರಿನ ಅನೇಕ ಮನೆಗಳಲ್ಲಿದೆ. ಅದಕ್ಕೆ ನಾನು ಬಲ್ಲ ಒಂದು ಉತ್ತರವಿದು.

ಅಶೋಕ್ ಲೇಲ್ಯಾಂಡ್, ಟಿ.ವಿ.ಎಸ್., ಟೈಟಾನ್ ಮೊದಲಾದ ಕಾರ್ಖಾನೆಗಳು 1980ರ ದಶಕದಲ್ಲಿ ಹೊಸೂರಿನಲ್ಲಿ ನೆಲೆಗೊಂಡವು. ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಉದ್ಯಮಗಳೂ ಬೆಳೆದವು. ತಯಾರಾದ ಭಾಗವು ನಕ್ಷೆಯಂತೆ ಇದೆಯೇ ಎಂದು ಪರೀಕ್ಷಿಸಲು ಬಳಸುವುದೇ ನಿರ್ದೇಶಾಂಕ ಮಾಪನ ಯಂತ್ರ. ಕಾರ್ಖಾನೆಯವರು ಇದನ್ನು ಸಿ.ಎಂ.ಎಂ. ಎನ್ನುತ್ತಾರೆ. ಗ್ರಾನೈಟ್ ಮೇಜಿನ ಮೇಲಿಟ್ಟ ಭಾಗವನ್ನು ಮಾಣಿಕ್ಯದ ಪುಟ್ಟ ಗುಂಡುಳ್ಳ ಪ್ರೋಬ್ ಮುಟ್ಟಿದಾಗ, ಆ ಬಿಂದುವಿನ ಮೂರು ನಿರ್ದೇಶಾಂಕಗಳು ಗಣಕಯಂತ್ರದಲ್ಲಿ ದಾಖಲಾಗುತ್ತವೆ. ಎಲ್ಲಿ, ಯಾವ ಕ್ರಮದಲ್ಲಿ, ಎಷ್ಟು ಬಾರಿ ಮುಟ್ಟಬೇಕೆಂದು ನಿರ್ಧರಿಸುವವನೇ ಪ್ರೋಗ್ರಾಮರ್.

ಗುಂಡಿ ಒತ್ತುವುದಕ್ಕೆ ಹೆಚ್ಚಿನ ಜ್ಞಾನ ಬೇಡ; ಈ ನಿರ್ಧಾರಕ್ಕೆ ಬೇಕು. ಒಂದು ಉದಾಹರಣೆ ನೋಡೋಣ. ಒಂದೇ ಸರಳರೇಖೆಯಲ್ಲಿಲ್ಲದ ಯಾವುದೇ ಮೂರು ಬಿಂದುಗಳ ಮೂಲಕ ಒಂದು ಪರಿಪೂರ್ಣ ವೃತ್ತವನ್ನು ಎಳೆಯಬಹುದಷ್ಟೆ. ಆದುದರಿಂದ ರಂಧ್ರವೊಂದನ್ನು ಮೂರೇ ಕಡೆ ಮುಟ್ಟಿದರೆ, ಅದು ಅಂಡಾಕಾರವಾಗಿದ್ದರೂ ಯಂತ್ರ ದೋಷವನ್ನು ತೋರಿಸದು. ಉಷ್ಣತೆಯ ಮಾತೂ ಹೀಗೆಯೇ. ಅಳತೆಗಳಿಗೆ ಜಗತ್ತಿನಾದ್ಯಂತ ಒಪ್ಪಿರುವ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. 300 ಮಿಲಿಮೀಟರ್ ಉದ್ದದ ಉಕ್ಕಿನ ಭಾಗ 30 ಡಿಗ್ರಿಯಲ್ಲಿದ್ದರೆ ಸುಮಾರು 35 ಮೈಕ್ರಾನ್ ಹಿಗ್ಗಿರುತ್ತದೆ. ಒಳ್ಳೆಯ ಭಾಗವನ್ನು ತಿರಸ್ಕರಿಸಲು ಇಷ್ಟು ಸಾಕು.

ಹತ್ತನೆಯ ತರಗತಿಯ ನಿರ್ದೇಶಾಂಕ ರೇಖಾಗಣಿತ ಮತ್ತು ತ್ರಿಕೋನಮಿತಿಯೇ ಈ ವಿದ್ಯೆಯ ತಳಹದಿ. ಅವನ್ನು ಕನ್ನಡದಲ್ಲಿ ಕಲಿತವರಿಗೆ ಯಾವ ನಷ್ಟವೂ ಇಲ್ಲ. ನಕ್ಷೆಯ ಸಂಕೇತಗಳಿಗೂ ಭಾಷೆಯ ಭೇದವಿಲ್ಲ. ಆದರೆ ಯಂತ್ರದ ಕೈಪಿಡಿಗಳೂ ಗ್ರಾಹಕರ ಪತ್ರಗಳೂ ಇಂಗ್ಲಿಷಿನಲ್ಲಿರುವುದರಿಂದ ಆ ಭಾಷೆಯನ್ನೂ ಶ್ರದ್ಧೆಯಿಂದ ಕಲಿಯಬೇಕು. ಐ.ಟಿ.ಐ. ಅಥವಾ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಮೊದಲು ವರ್ನಿಯರ್, ಮೈಕ್ರೋಮೀಟರ್‌ಗಳಲ್ಲಿ ಕೈ ಪಳಗಿಸಿಕೊಂಡು, ಬಳಿಕ ಪಿಸಿ-ಡಿಮಿಸ್, ಕ್ಯಾಲಿಪ್ಸೊ ಮುಂತಾದ ತಂತ್ರಾಂಶಗಳನ್ನು ಕಲಿಯುವುದು ಲೇಸು. ಬೆಂಗಳೂರಿನ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಂತಹ ಸಂಸ್ಥೆಗಳು ನಮಗೆ ದೂರವಲ್ಲ.

ಇನ್ನು ವೇತನದ ವಿಷಯ. ಹೊಸೂರು ಮತ್ತು ಪೀಣ್ಯದ ಸಣ್ಣ ಉದ್ಯಮಗಳಲ್ಲಿ ನಾನು ಕಂಡಂತೆ, ಹೊಸಬರ ಮಾಸಿಕ ವೇತನ ಸಾಮಾನ್ಯವಾಗಿ 15ರಿಂದ 20 ಸಾವಿರ ರೂಪಾಯಿ. ಇದು ಹೆಚ್ಚೇನೂ ಅಲ್ಲ. ಸ್ವತಂತ್ರವಾಗಿ ಪ್ರೋಗ್ರಾಂ ಬರೆಯಬಲ್ಲವರು ಐದಾರು ವರ್ಷಗಳಲ್ಲಿ ಅದರ ಎರಡು ಪಟ್ಟನ್ನು ಮುಟ್ಟುವುದುಂಟು. ವಿಮಾನದ ಬಿಡಿಭಾಗಗಳ ಅನುಭವವಿದ್ದರೆ ಬೇಡಿಕೆ ಇನ್ನೂ ಹೆಚ್ಚು. ಬರಿದೇ ಯಂತ್ರ ನಡೆಸುವವರ ಸ್ಥಾನವನ್ನು ಸ್ವಯಂಚಾಲಿತ ವ್ಯವಸ್ಥೆಗಳು ಆಕ್ರಮಿಸುತ್ತಿವೆ. ಆದುದರಿಂದ ಮೊದಲ ನೌಕರಿಯಲ್ಲಿ ಸಂಬಳದ ಜೊತೆಗೆ ನಕ್ಷೆ ಓದಲು ಕಲಿಸುತ್ತಾರೆಯೇ ಎಂದೂ ವಿಚಾರಿಸಿರಿ.

ಗಣಿತಕ್ಕೆ ಅಂಜದ, ತಾಳ್ಮೆಯುಳ್ಳ ಹುಡುಗ ಹುಡುಗಿಯರಿಬ್ಬರಿಗೂ ಈ ವೃತ್ತಿ ಒಪ್ಪುತ್ತದೆ. ನಮ್ಮ ಶಾಲೆಯ ಮಕ್ಕಳು ಇದರಲ್ಲಿ ಮುಂದೆ ಬರಲೆಂದು ಹಾರೈಸುತ್ತೇನೆ.